ಹಳೆಯ ವಿಡಿಯೊ ಯಂತ್ರ: ಇಟ್ಟುಕೊಳ್ಳುವುದೋ, ಮಾರುವುದೋ?

(ಆಗಸ್ಟ್ 11, ಅಸ್ಸಿಸಿಯ ಸಂತ ಕ್ಲಾರಾ ಅವರ ಹಬ್ಬದ ಪ್ರಬೋಧನೆ)



ಇಂದು ನಾವು ಸಂತ ಕ್ಲಾರಾ ಅವರ ಹಬ್ಬವನ್ನು ಆಚರಿಸುತ್ತಿದ್ದೇವೆ. ಸಿರಿವಂತರ ಮನೆಯಲ್ಲಿ ಹುಟ್ಟಿದ ಈ ಮಗಳು ಸಂತ ಫ್ರಾನ್ಸಿಸರ ದಾರಿ ಹಿಡಿದು, ತನ್ನದೆಂಬುದು ಏನೂ ಬೇಡವೆಂದು ಬಾಳಿದವರು. ತಮ್ಮ ಮಠಕ್ಕೆ ಆಸ್ತಿಪಾಸ್ತಿ ಬೇಡವೆಂದು ಅವರು ಬರೆದ ನಿಯಮಾವಳಿಗೆ ಜಗದ್ಗುರುಗಳ ಒಪ್ಪಿಗೆ ಸಿಕ್ಕಿದ್ದು 1253ರ ಆಗಸ್ಟ್ 9ರಂದು. ಅದಾದ ಎರಡೇ ದಿನಕ್ಕೆ ಅವರು ಪ್ರಭುವಿನ ಸನ್ನಿಧಿ ಸೇರಿದರು.

ಇಂಥ ಬಡತನದ ಸಂತರನ್ನು ಧರ್ಮಸಭೆ ಯಾವುದಕ್ಕೆ ಪಾಲಕರನ್ನಾಗಿ ಮಾಡಿದೆ ಗೊತ್ತೆ? ಟೆಲಿವಿಷನ್ನಿಗೆ! 1950ರ ದಶಕದ ಕೊನೆಗೆ ಜಗದ್ಗುರು ಹನ್ನೆರಡನೆಯ ಪಯಸ್ ಅವರು ಹಾಗೆ ಘೋಷಿಸಿದರು. ಒಂದು ಕ್ರಿಸ್ತಜಯಂತಿಯ ರಾತ್ರಿ ಕ್ಲಾರಾ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಎದ್ದು ದೇವಾಲಯಕ್ಕೆ ಹೋಗಲಾರದ ಅವರಿಗೆ, ದೂರದಲ್ಲಿ ನಡೆಯುತ್ತಿದ್ದ ಆರಾಧನೆಯು ಮಲಗಿದ್ದಲ್ಲಿಗೇ ಕೇಳಿಸಿತು, ಕಾಣಿಸಿತು ಎಂಬುದು ಪರಂಪರೆಯಿಂದ ಬಂದ ಮಾತು. ಏನನ್ನೂ ಇಟ್ಟುಕೊಳ್ಳದವರಿಗೆ ಕಾಣಬೇಕಾದದ್ದು ಕಂಡಿತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ಮನೆಗಳ ಅಟ್ಟದ ಮೇಲಿರುವ ಒಂದು ಪ್ರಶ್ನೆಯನ್ನು ಇಂದು ಕೆಳಗಿಳಿಸಿ ನೋಡೋಣ.

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಕಡೆಯ ಒಂದು ಕುಟುಂಬ ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿತು. ಮನೆಯ ಹಿರಿಯರು ಒಂದು ಕಾಲದಲ್ಲಿ ಸುತ್ತಲಿನ ಹಳ್ಳಿಗಳ ಮದುವೆ, ನಾಮಕರಣ, ಹಬ್ಬಗಳಿಗೆ ವಿಡಿಯೊ ತೆಗೆಯುತ್ತಿದ್ದವರು. ಹೆಗಲ ಮೇಲೆ ಹೊರುವ ದೊಡ್ಡ ಕ್ಯಾಮೆರಾ, ಎರಡು ವಿಸಿಆರ್, ದೀಪಗಳು, ಗೋಣಿಚೀಲ ತುಂಬ ಕ್ಯಾಸೆಟ್ಟುಗಳು, ಹಗ್ಗದಲ್ಲಿ ಕಟ್ಟಿಟ್ಟ ಮ್ಯಾನುಯಲ್ ಪುಸ್ತಕಗಳು, ಎಲ್ಲವೂ ಒಂದು ಕೋಣೆಯಲ್ಲಿವೆ. ಮಗನಿಗೆ ಆ ಕೋಣೆ ರೇಷ್ಮೆಹುಳು ಸಾಕುವುದಕ್ಕೆ ಬೇಕು. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿ ಹೋಗಿದ್ದಾನೆ.

“ಓಡ್ದೇ ಇರೋ ಮಿಷಿನ್ ಮಡಿಕ್ಕಂಡು ಏನಪ್ಪಾ ಮಾಡಾದು?” ಎನ್ನುತ್ತಾನೆ ಮಗ. “ಇದ್ರಿಂದ್ಲೇ ನಿಮ್ಮುನ್ನೆಲ್ಲ ಓದ್ಸಿದ್ದು ಕಣ್ಲಾ, ತೂಕಕ್ಕೆ ಹಾಕ್ಬುಡ್ತೀಯಾ?” ಎನ್ನುತ್ತಾರೆ ತಂದೆ. ಇಬ್ಬರ ಮಾತೂ ಸುಳ್ಳಲ್ಲ. ಆದರೆ ನಡುವೆ ತಾಯಿ ಕೇಳಿದ ಒಂದು ಮಾತು ನಮ್ಮನ್ನು ಹಿಡಿದು ನಿಲ್ಲಿಸಿತು: “ನಮ್ಮತ್ತೆ ಸೋಬಾನೆ ಹೇಳಿದ್ ದನಿ ಅದ್ರೊಳ್ಗೇ ಅಲ್ವಾ ಇರೋದು?”

ಪ್ರಿಯರೇ, ಆ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. 1981ರ ನವೆಂಬರಿನಲ್ಲಿ ಬೆಂಗಳೂರು ದೂರದರ್ಶನ ಆರಂಭವಾಯಿತು. ಮರುವರ್ಷ ದೆಹಲಿಯ ಏಷ್ಯಾ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿವಿ ಬಂತು. ಅದರ ಬೆನ್ನಿಗೇ ವಿಸಿಆರ್. ಪೇಟೆಯಿಂದ ಟಿವಿ, ವಿಸಿಆರ್ ಬಾಡಿಗೆಗೆ ತಂದು, ಬೀದಿಯಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ಸಿನಿಮಾ ನೋಡಿದ ರಾತ್ರಿಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ! ಮದುವೆಗೆ ವಿಡಿಯೊ ಮಾಡಿಸುವುದು ಆಗ ಪ್ರತಿಷ್ಠೆ. ಹೀಗಾಗಿ ಆ ವರ್ಷಗಳ ನಮ್ಮ ಸಂತೋಷಗಳೆಲ್ಲ ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕುಳಿತಿವೆ.

ಆ ಪಟ್ಟಿ ಶಾಶ್ವತವಲ್ಲ. ಅದರ ಮೇಲೆ ಕಾಂತೀಯ ಪುಡಿಯನ್ನು ಅಂಟಿನಿಂದ ಲೇಪಿಸಿರುತ್ತಾರೆ. ತೇವ ತಗುಲಿದರೆ ಅಂಟು ಜಿಗುಟಾಗಿ ಬಿಡುತ್ತದೆ, ಬೂಷ್ಟು ಹಿಡಿಯುತ್ತದೆ. ರೇಷ್ಮೆಹುಳುವಿಗೆ ಬೇಕಾದ ತೇವವೇ ಕ್ಯಾಸೆಟ್ಟಿಗೆ ಶತ್ರು. ವಿಸಿಆರ್ ಒಳಗಿನ ಡ್ರಮ್ಮು ನಿಮಿಷಕ್ಕೆ 1,500 ಸುತ್ತು ತಿರುಗುತ್ತಾ ಆ ಪಟ್ಟಿಯನ್ನು ಓದುತ್ತದೆ. ಬೇರೆ ಯಾವ ಯಂತ್ರವೂ ಅದನ್ನು ಓದಲಾರದು. ಜಪಾನಿನ ಫುನೈ ಕಂಪನಿ 2016ರ ಜುಲೈಯಲ್ಲಿ ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿತು. 2019ರಲ್ಲಿ ಯುನೆಸ್ಕೊ ಸಂಸ್ಥೆಯು ಲೋಕಕ್ಕೆ ಒಂದು ಎಚ್ಚರಿಕೆ ನೀಡಿತು: 2025ರ ಸುಮಾರಿಗೆ ಟೇಪುಗಳನ್ನು ಓದುವ ಯಂತ್ರಗಳೂ ಬಿಡಿಭಾಗಗಳೂ ಸಿಗುವುದು ಬಲು ಕಷ್ಟವಾಗಲಿದೆ, ಅಷ್ಟರೊಳಗೆ ನಕಲು ಮಾಡಿಕೊಳ್ಳಿರಿ ಎಂದು. ಆ ಗಡುವು ಈಗ ನಮ್ಮನ್ನು ಮುಟ್ಟಿದೆ.

ತೂಕಕ್ಕೆ ಮಾರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಪಾಠವಿದೆ. ಹಳೆಯ ಸಿನಿಮಾ ರೀಲುಗಳಲ್ಲಿ ಸ್ವಲ್ಪ ಬೆಳ್ಳಿಯ ಅಂಶ ಇರುತ್ತಿತ್ತು. ಆ ಬೆಳ್ಳಿಯನ್ನು ತೆಗೆಯುವುದಕ್ಕಾಗಿ ಎಷ್ಟೋ ರೀಲುಗಳನ್ನು ಕರಗಿಸಿಬಿಟ್ಟರು. ಭಾರತದ ಮೊದಲ ವಾಕ್ಚಿತ್ರ, 1931ರ ‘ಆಲಂ ಆರಾ’ದ ಪ್ರತಿ ಇಂದು ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಅದರಲ್ಲಿ ನಟಿಸಿದ್ದರು. ಅದರ ಪ್ರತಿಯೂ ಇಂದು ಇಲ್ಲ. ತೆರೆಯ ಮೇಲೆ ಮೊದಲ ಬಾರಿಗೆ ಕೇಳಿದ ಕನ್ನಡದ ದನಿಯನ್ನು ನಮ್ಮ ಮಕ್ಕಳು ಇನ್ನೆಂದೂ ಕೇಳಲಾರರು. ಒಂದು ನಾಡಿಗೆ ಆದದ್ದು ಒಂದು ಮನೆಗೂ ಆಗಬಹುದಲ್ಲವೆ?

ಹಾಗಾದರೆ ಎಲ್ಲವನ್ನೂ ಇಟ್ಟುಕೊಳ್ಳಬೇಕೆ? ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯವನ್ನು ನೆನೆಯೋಣ. ಐದು ಸಾವಿರ ಜನ ಉಂಡು ತೃಪ್ತರಾದ ಮೇಲೆ, ಉಳಿದ ತುಂಡುಗಳನ್ನು ಕೂಡಿಸಲು ಯೇಸುಸ್ವಾಮಿ ಶಿಷ್ಯರಿಗೆ ಹೇಳುತ್ತಾರೆ. ಏನೂ ಹಾಳಾಗಬಾರದೆಂಬುದು ಅವರ ಕಾಳಜಿ. ಹನ್ನೆರಡು ಬುಟ್ಟಿಗಳು ತುಂಬಿದವು. ಆದರೆ ಗಮನಿಸಿ: ಶುಭಸಂದೇಶವು ರೊಟ್ಟಿಯ ತುಂಡುಗಳ ಬಗ್ಗೆ ಚಿಂತಿಸುತ್ತದೆಯೇ ಹೊರತು, ಬುಟ್ಟಿಗಳು ಮುಂದೆ ಏನಾದವೆಂದು ಹೇಳುವುದೇ ಇಲ್ಲ. ನಮ್ಮ ವಿಚಾರದಲ್ಲಿ ಕ್ಯಾಸೆಟ್ಟಿನೊಳಗಿನ ದನಿಯೇ ರೊಟ್ಟಿ, ಯಂತ್ರವು ಬುಟ್ಟಿ. ರೊಟ್ಟಿ ಇನ್ನೂ ಒಳಗಿರುವಾಗ ಬುಟ್ಟಿಯನ್ನು ಮಾರುವವನು ಅವಿವೇಕಿ. ರೊಟ್ಟಿಯನ್ನು ತೆಗೆದು ಹಂಚಿದ ಮೇಲೂ ಬುಟ್ಟಿಯನ್ನು ತಬ್ಬಿಕೊಂಡು ಕೂರುವವನು ಆಸೆಬುರುಕ.

ಆದ್ದರಿಂದ ನಾವು ಆ ಕುಟುಂಬಕ್ಕೆ ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ.

ಮೊದಲನೆಯದಾಗಿ, ಕ್ಯಾಸೆಟ್ಟುಗಳನ್ನು ಬೇರ್ಪಡಿಸಿರಿ. ಅಂಗಡಿಯಿಂದ ತಂದ ಸಿನಿಮಾ ಕ್ಯಾಸೆಟ್ಟು ಬೇರೆ, ಮತ್ತೆಲ್ಲೂ ಸಿಗದ ಮನೆಯ ಕ್ಯಾಸೆಟ್ಟು ಬೇರೆ. ಬೂಷ್ಟು ಹಿಡಿದದ್ದನ್ನು ಆತುರದಿಂದ ಯಂತ್ರಕ್ಕೆ ಹಾಕಬೇಡಿ. ಟೇಪೂ ಹರಿದೀತು, ಯಂತ್ರದ ಹೆಡ್ಡೂ ಕೆಟ್ಟೀತು. ಅಂಥದನ್ನು ಬಲ್ಲವರ ಕೈಗೆ ಕೊಡಿರಿ. ಒಳ್ಳೆಯದನ್ನು ಒಣಗಿದ ಜಾಗದಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ.

ಎರಡನೆಯದಾಗಿ, ಎರಡು ವಿಸಿಆರ್‌ಗಳಲ್ಲಿ ಚೆನ್ನಾಗಿರುವ ಒಂದನ್ನು ಅದರ ಮ್ಯಾನುಯಲ್ ಸಮೇತ ಸದ್ಯಕ್ಕೆ ಉಳಿಸಿಕೊಳ್ಳಿರಿ. ಇನ್ನೊಂದು ಬಿಡಿಭಾಗಕ್ಕೆ ಆದೀತು. ಮ್ಯಾನುಯಲ್ಲನ್ನು ರದ್ದಿ ಕಾಗದವೆಂದು ತಿಳಿಯಬೇಡಿ. ಅದರಲ್ಲೂ ಸರ್ವಿಸ್ ಮ್ಯಾನುಯಲ್ ಇದ್ದರೆ, ಯಾವ ಬೆಲ್ಟು, ಯಾವ ರೋಲರು, ಯಾವ ತಂತಿ ಎಲ್ಲಿಗೆ ಎಂಬುದೆಲ್ಲ ಅದರಲ್ಲಿದೆ. ಗಟ್ಟಿಯಾದ ಒಂದು ರಬ್ಬರ್ ಬೆಲ್ಟನ್ನು ಬದಲಿಸಿದರೆ ಯಂತ್ರ ಮತ್ತೆ ಓಡಬಹುದು. ಆ ಪುಸ್ತಕವಿಲ್ಲದಿದ್ದರೆ ರಿಪೇರಿಯವನು ಕತ್ತಲಲ್ಲಿ ತಡಕಾಡಬೇಕು.

ಮೂರನೆಯದಾಗಿ, ಕಂಪ್ಯೂಟರಿಗೆ ನಕಲು ಮಾಡಿಸಿರಿ. ಇದಕ್ಕೆ ಅಡ್ಡದಾರಿಯಿಲ್ಲ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು. ಆ ಮೂರು ಗಂಟೆ ಅಪ್ಪನೂ ಮಗನೂ ಜೊತೆಯಲ್ಲಿ ಕೂರಲಿ. ಏಕೆಂದರೆ ಕ್ಯಾಸೆಟ್ಟಿನ ಮೇಲಿನ ಚೀಟಿ ಮಾಸಿದೆ. ಇದು ಯಾರ ಮದುವೆ, ಹಸೆಯ ಪಕ್ಕ ನಿಂತವರು ಯಾರು, ಹಾಡುತ್ತಿರುವ ಅಜ್ಜಿ ಯಾರ ತಾಯಿ ಎಂದು ಹೇಳಬಲ್ಲವರು ಆ ತಂದೆಯೊಬ್ಬರೇ. ಯಂತ್ರಕ್ಕೆ ಮ್ಯಾನುಯಲ್ ಇದ್ದ ಹಾಗೆ ಆ ಚಿತ್ರಗಳಿಗೆ ಮ್ಯಾನುಯಲ್ ಅವರೇ. ಅವರು ಹೇಳುತ್ತಿರಲಿ, ಮಗ ಬರೆದುಕೊಳ್ಳಲಿ. ನಕಲನ್ನು ಎರಡು ಮನೆಗಳಲ್ಲಿ ಇಡಿರಿ. ಕೆಲವು ವರ್ಷಗಳಿಗೊಮ್ಮೆ ಹೊಸದಾಗಿ ನಕಲು ಮಾಡಿರಿ, ಏಕೆಂದರೆ ಇಂದಿನ ಯಂತ್ರವೂ ನಾಳೆ ಹಳೆಯದೇ.

ಇಷ್ಟಾದ ಮೇಲೆ ಕೈ ಬಿಡಲು ಕಲಿಯಿರಿ. ಓಡುವ ಯಂತ್ರವನ್ನು ಮ್ಯಾನುಯಲ್ ಸಮೇತ, ಇನ್ನೂ ಇಂಥ ಕೆಲಸ ಮಾಡುವವರಿಗೆ ಮಾರಿರಿ ಅಥವಾ ಕೊಡಿರಿ. ಅದರಿಂದ ಇನ್ನೊಂದು ಮನೆಯ ಅಜ್ಜಿಯ ದನಿ ಉಳಿದೀತು. ಪೂರ್ತಿ ಕೆಟ್ಟದ್ದನ್ನು ಮಾತ್ರ ವಿಲೇವಾರಿ ಮಾಡಿರಿ. ಅದನ್ನೂ ತಿಪ್ಪೆಗೆ ಎಸೆಯಬೇಡಿ, ತಾಮ್ರಕ್ಕಾಗಿ ತಂತಿ ಸುಡಬೇಡಿ. ಹಳೆಯ ಟಿವಿಯ ಗಾಜಿನಲ್ಲಿ ಸೀಸವಿದೆ, ಸುಟ್ಟ ತಂತಿಯ ಹೊಗೆ ಮಕ್ಕಳ ಎದೆಗೆ ವಿಷ. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆದಾರರಿಗೇ ಅದು ಸೇರಬೇಕು.

ಮಗನಿಗೆ ಕೋಣೆ ಬೇಕೆನ್ನುವುದೂ ನ್ಯಾಯವೇ. ಬದುಕುವವರಿಗೆ ಜಾಗ ಬೇಕು, ದುಡಿಮೆಗೆ ನೆರಳು ಬೇಕು. ಆದರೆ ಕೋಣೆ ತೆರವಾಗುವ ಮುನ್ನ ತಂದೆಯ ದುಡಿಮೆಗೆ ಒಂದು ಗೌರವ ಸಲ್ಲಬೇಕು. ಹಳೆಯ ಯಂತ್ರವನ್ನು ಮಾರುವುದು ಪಾಪವಲ್ಲ. ಅದರೊಳಗೆ ಏನಿದೆ ಎಂದು ಕೇಳದೆ ಮಾರುವುದು ಹಿರಿಯರಿಗೆ ಮಾಡುವ ಅನ್ಯಾಯ. ಸಂತ ಮತ್ತಾಯರ ಶುಭಸಂದೇಶದಲ್ಲಿ ಪ್ರಭುವು ಹೊಗಳುವ ಮನೆಯೊಡೆಯನು ತನ್ನ ಭಂಡಾರದಿಂದ ಹೊಸದನ್ನೂ ಹಳೆಯದನ್ನೂ ಹೊರಕ್ಕೆ ತರುತ್ತಾನೆ. ಹೊರಕ್ಕೆ ತರುತ್ತಾನೆ, ಬೀಗ ಹಾಕಿ ಕೂರುವುದಿಲ್ಲ.

ಈ ವಾರ ನಿಮ್ಮ ನಿಮ್ಮ ಅಟ್ಟ ಹತ್ತಿ ನೋಡಿರಿ. ಯಂತ್ರವಿದ್ದು ಕ್ಯಾಸೆಟ್ಟಿಲ್ಲದವರು, ಕ್ಯಾಸೆಟ್ಟಿದ್ದು ಯಂತ್ರವಿಲ್ಲದವರು ಪರಸ್ಪರ ವಿಚಾರಿಸಿಕೊಳ್ಳಿರಿ. ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ಈ ಮಾತು ಬರಲಿ. ನೆರೆಮನೆಯವರು ಯಾವ ಧರ್ಮದವರೇ ಆಗಿರಲಿ, ಅವರ ಮದುವೆಯ ಕ್ಯಾಸೆಟ್ಟೂ ನಿಮ್ಮ ಯಂತ್ರದಲ್ಲಿ ಓಡಲಿ. ಉಳಿಸಬೇಕಾದದ್ದನ್ನು ಉಳಿಸುವ ಜಾಣ್ಮೆಯನ್ನೂ, ಬಿಡಬೇಕಾದದ್ದನ್ನು ಬಿಡುವ ಧೈರ್ಯವನ್ನೂ ಸಂತ ಕ್ಲಾರಾ ಅವರ ಬಿನ್ನಹದ ಮೂಲಕ ಪ್ರಭುವು ನಮ್ಮ ಕುಟುಂಬಗಳಿಗೆ ದಯಪಾಲಿಸಲಿ. ಆಮೆನ್.