ಮನೆಯ ಲೆಕ್ಕವೂ ಋಣವಿಮೋಚನೆಯೂ



ಸಾಲವನ್ನು ಕುರಿತು ಮಾತನಾಡಹೊರಡುವವನಿಗೆ ನಮ್ಮ ನಾಡಿನಲ್ಲಿ ಒಂದು ಅನನುಕೂಲವುಂಟು. ಈ ವಿಷಯದಲ್ಲಿ ಹೇಳತಕ್ಕ ಬುದ್ಧಿಮಾತನ್ನೆಲ್ಲ ಸರ್ವಜ್ಞನು ತನ್ನ ಮೂರು ಸಾಲುಗಳೊಳಗೆ ಹೇಳಿ ಮುಗಿಸಿಬಿಟ್ಟಿದ್ದಾನೆ. ಅದನ್ನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವರು ನಾವು. ಬಾಯಿಪಾಠ ಮಾಡಿದ ನಾವೇ ದೊಡ್ಡವರಾದ ಮೇಲೆ ಸಾಲವನ್ನೂ ಮಾಡಿದೆವು. ಆದಕಾರಣ ಈ ಹೊತ್ತು ನಾನು ಉಪದೇಶವನ್ನು ಬದಿಗಿಟ್ಟು ಲೆಕ್ಕವನ್ನು ಮಾತ್ರ ಹೇಳುವೆನು. ಆ ಲೆಕ್ಕವು ಬೇರೆ ಯಾರದೂ ಅಲ್ಲ, ನನ್ನದೇ.

ನಾನು ಮೈಸೂರಿನ ಶ್ರೀರಾಂಪುರದಲ್ಲಿ ಬಾಡಿಗೆಯ ಮನೆಯೊಂದರಲ್ಲಿ ವಾಸವಾಗಿರುವ ಕಾಲೇಜು ಅಧ್ಯಾಪಕ. ದುಂದುಗಾರನೆಂದು ನನ್ನನ್ನು ಯಾರೂ ಕರೆದುದಿಲ್ಲ. ತಂಗಿಯ ಮದುವೆ, ತಂದೆಯವರ ಕೊನೆಗಾಲದ ಚಿಕಿತ್ಸೆ, ಇವೆರಡರ ನಡುವೆ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ಸಣ್ಣಪುಟ್ಟ ಸಾಮಾನುಗಳು: ಹೀಗೆ ಒಂದೊಂದು ಸಾಲಕ್ಕೂ ಒಂದೊಂದು ಸಮರ್ಥನೆಯಿತ್ತು. ಒಂದು ರಾತ್ರಿ ಧೈರ್ಯಮಾಡಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದೆನು. ಬ್ಯಾಂಕಿನ ವೈಯಕ್ತಿಕ ಸಾಲ 6,40,000 ರೂಪಾಯಿ, ಬಡ್ಡಿ ವರ್ಷಕ್ಕೆ ನೂರಕ್ಕೆ 15. ಒಡವೆಯ ಮೇಲಿನ ಸಾಲ 2,50,000, ಬಡ್ಡಿ ನೂರಕ್ಕೆ 12. ಎರಡು ಕಾರ್ಡುಗಳ ಬಾಕಿ 2,10,000, ಬಡ್ಡಿ ನೂರಕ್ಕೆ 42. ಗೆಳೆಯರೊಬ್ಬರಿಂದ ಪಡೆದ ಕೈಗಡ 1,50,000, ಬಡ್ಡಿಯಿಲ್ಲ. ಒಟ್ಟು ಹನ್ನೆರಡೂವರೆ ಲಕ್ಷ. ತಿಂಗಳ ಬಡ್ಡಿಯೇ 17,850 ರೂಪಾಯಿ; ಎಂದರೆ ನಾನು ಪಾಠ ಹೇಳುವ ದಿನವೂ, ಮಲಗಿ ನಿದ್ರಿಸುವ ದಿನವೂ, 595 ರೂಪಾಯಿ ಸವೆಯುತ್ತಿದ್ದಿತು.

ಮನೆಯ ವರಮಾನ 72,000. ಖರ್ಚು 51,000. ಉಳಿದ 21,000ವನ್ನು ತಪ್ಪದೆ ಸಾಲಕ್ಕೆ ಕಟ್ಟುತ್ತಿದ್ದೆನು. ಆದುದರಿಂದ ಸಾಲವು ಹೇಗೋ ತೀರುತ್ತಿದೆಯೆಂದು ನಂಬಿದ್ದೆನು. ಹಾಳೆಯು ಬೇರೆಯೇ ಹೇಳಿತು. ಬ್ಯಾಂಕಿನ ಕಂತು 15,225, ಒಡವೆಯ ಬಡ್ಡಿ 2,500. ಇವು ಹೋಗಿ ಕಾರ್ಡಿಗೆ ಉಳಿಯುತ್ತಿದ್ದುದು 3,275 ಮಾತ್ರ. ಅದರ ಬಡ್ಡಿಯಾದರೋ ತಿಂಗಳಿಗೆ 7,350! ಕಟ್ಟುತ್ತ ಕಟ್ಟುತ್ತಲೇ ಆ ಸಾಲವು ತಿಂಗಳಿಗೆ ನಾಲ್ಕು ಸಾವಿರಕ್ಕಿಂತ ಹೆಚ್ಚಾಗಿ ಬೆಳೆಯುತ್ತಿದ್ದಿತು. ಸೋರುವ ಕೊಡಕ್ಕೆ ನೀರು ಸೇದುವವನ ಶ್ರಮವನ್ನು ಯಾರು ತಾನೆ ಮೆಚ್ಚಿಯಾರು?

ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಇಂತಹ ಸಮಯದಲ್ಲಿ ಸರ್ ವಾಲ್ಟರ್ ಸ್ಕಾಟನ ನೆನಪಾಗುವುದು ಸಹಜ. 1826ರಲ್ಲಿ ಮುದ್ರಣ, ಪ್ರಕಾಶನಗಳ ವ್ಯವಹಾರವು ಕುಸಿದು ಸುಮಾರು 1,20,000 ಪೌಂಡುಗಳ ಋಣವು ಅವನ ತಲೆಯ ಮೇಲೆ ಬಿದ್ದಿತು. ದಿವಾಳಿಯೆನ್ನಿಸಿಕೊಳ್ಳಲೊಲ್ಲದೆ, ಲೇಖನಿಯಿಂದಲೇ ಅದನ್ನು ತೀರಿಸುವೆನೆಂದು ಹಟ ಹಿಡಿದು, 1832ರಲ್ಲಿ ಕಣ್ಣುಮುಚ್ಚುವವರೆಗೂ ಬರೆದನು. ಉಳಿದುದು ಅವನ ಪುಸ್ತಕಗಳ ಹಕ್ಕಿನಿಂದ ಅನಂತರ ತೀರಿತು. ಆದರೆ ಅಂತಹ ಲೇಖನಿಯು ನಮ್ಮಲ್ಲಿ ಎಷ್ಟು ಮಂದಿಗಿದೆ? ವರಮಾನವನ್ನು ಹೆಚ್ಚಿಸಲಾರದವನಿಗೆ ಉಳಿದ ದಾರಿ ವೆಚ್ಚದ ದಾರಿ. ಅದಕ್ಕೆ ಉದಾಹರಣೆಯು ನಮಗೆ ಇನ್ನೂ ಹತ್ತಿರದಲ್ಲಿದೆ.

1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಐದರಲ್ಲೊಂದು ಪಾಲು ಜನರು ಅಳಿದರು. 1881ರ ಮಾರ್ಚಿಯಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿ ಬಂದಾಗ ಅದರೊಂದಿಗೆ 80 ಲಕ್ಷ ರೂಪಾಯಿಗಳ ಕ್ಷಾಮದ ಸಾಲವೂ ಬಂದಿತು. ದಿವಾನ್ ರಂಗಾಚಾರ್ಲು ಅವರು ಇಲಾಖೆಗಳ ವೆಚ್ಚವನ್ನು ಕತ್ತರಿಸಿದರು. ಹಾಸನ, ಚಿತ್ರದುರ್ಗಗಳ ಜಿಲ್ಲೆಯ ಪದವಿಯನ್ನು ಸಹ ಕೆಲಕಾಲ ತೆಗೆದರು. ಆದರೂ ಬೆಂಗಳೂರಿನ ರೈಲು 1882ರಲ್ಲಿ ಮೈಸೂರನ್ನು ಮುಟ್ಟಿತು. 1883ರಿಂದ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಬೊಕ್ಕಸವು ಚೇತರಿಸಿ ಉಳಿತಾಯವನ್ನು ಕಂಡಿತು. ಇದರಲ್ಲಿ ನನಗೆ ಮುಖ್ಯವಾಗಿ ತೋರಿದುದು ಮತ್ತೊಂದು ಸಂಗತಿ. 1881ರ ದಸರಾ ಸಮಯದಲ್ಲಿ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದು ರಾಜ್ಯದ ಆದಾಯ ವೆಚ್ಚಗಳ ಸ್ಥಿತಿಯನ್ನು ಅದರ ಮುಂದಿಟ್ಟರು. ಸಾಲದಲ್ಲಿದ್ದ ಸರ್ಕಾರವು ಲೆಕ್ಕವನ್ನು ಬಚ್ಚಿಡಲಿಲ್ಲ.

ನಾನಾದರೋ ಕಾರ್ಡಿನ ಸಾಲವನ್ನು ಎಂಟು ತಿಂಗಳು ಹೆಂಡತಿಯಿಂದ ಬಚ್ಚಿಟ್ಟಿದ್ದೆನು. ಮರುದಿನ ಸಂಜೆ ನಮ್ಮ ಮನೆಯಲ್ಲಿಯೂ ಒಂದು ಪ್ರಜಾಪ್ರತಿನಿಧಿ ಸಭೆ ಸೇರಿತು. ಸದಸ್ಯರು ನಾಲ್ವರು: ತಾಯಿ, ಹೆಂಡತಿ, ಹನ್ನೊಂದು ವರ್ಷದ ಮಗಳು, ಅಪರಾಧಿಯಾದ ನಾನು. ಹಾಳೆಯನ್ನು ಓದಿದೆನು. ಹೆಂಡತಿಯು ಬಹಳ ಹೊತ್ತು ಸುಮ್ಮನಿದ್ದು, “ಸಾಲಕ್ಕೆ ನಾನು ಹೆದರುವುದಿಲ್ಲ, ನೀವು ಹೇಳದೆ ಇದ್ದಿರಲ್ಲ, ಅದಕ್ಕೆ ಹೆದರಿಕೆಯಾಗುತ್ತದೆ” ಎಂದಳು. ಆ ಮಾತಿಗೆ ಈಗಲೂ ನನ್ನಲ್ಲಿ ಉತ್ತರವಿಲ್ಲ.

ಮೊದಲನೆಯ ತಿಂಗಳು ನಾವು ಏನನ್ನೂ ಕಡಮೆ ಮಾಡಲಿಲ್ಲ, ಬರೆದೆವು, ಅಷ್ಟೆ. ದೂರವಾಣಿಯನ್ನು ಚೌಕದ ಗುರುತಿಗೆ ಹಿಡಿದು ಹಣ ತೆರುವ ಈ ಕಾಲದಲ್ಲಿ ನೋಟು ಕೈಬಿಡುವ ನೋವು ತಿಳಿಯುವುದಿಲ್ಲ. ಆ ನೋವನ್ನು ಲೆಕ್ಕದ ಪುಸ್ತಕವು ಹಿಂದಕ್ಕೆ ತಂದುಕೊಟ್ಟಿತು. ತಿಂಗಳ ಕೊನೆಗೆ, ಹೋಟೆಲು ಮತ್ತು ಮನೆಗೆ ತರಿಸುತ್ತಿದ್ದ ತಿಂಡಿಗಳಲ್ಲಿ 4,000, ಬಟ್ಟೆಬರೆಗಳಲ್ಲಿ 2,500, ಪೆಟ್ರೋಲಿನಲ್ಲಿ 2,000, ಉಡುಗೊರೆಗಳಲ್ಲಿ 2,000, ಚಲನಚಿತ್ರಗಳ ಚಂದಾ ಮೊದಲಾದವುಗಳಲ್ಲಿ 1,500, ಯಾವುದಕ್ಕೆಂದು ನೆನಪೇ ಇಲ್ಲದ ಚಿಲ್ಲರೆಯಲ್ಲಿ 2,000, ಒಟ್ಟು 14,000 ರೂಪಾಯಿ ಕಳೆಯಬಹುದೆಂದು ಗೊತ್ತಾಯಿತು. ಮಗಳ ಶಾಲೆಯ ಶುಲ್ಕ, ತಾಯಿಯ ಔಷಧ, ಹಾಲು, ತರಕಾರಿ ಇವುಗಳನ್ನು ಮುಟ್ಟಲಿಲ್ಲ. ರೈಲನ್ನು ನಿಲ್ಲಿಸಿ ಮಾಡುವ ಮಿತವ್ಯಯವು ಮಿತವ್ಯಯವಲ್ಲ. ಕೈತಪ್ಪಿನ ದಿನಗಳಿಗೆಂದು ತಿಂಗಳಿಗೆ ಒಂದು ಸಾವಿರವನ್ನೂ ಖರ್ಚಿನಲ್ಲಿಯೇ ಸೇರಿಸಿ ಬೇರೆ ಇಟ್ಟೆವು. ಇಲ್ಲವಾದರೆ ಮೊದಲನೆಯ ಜ್ವರವೇ ಮತ್ತೆ ಕಾರ್ಡಿನ ಬಾಗಿಲಿಗೆ ಕಳುಹಿಸುತ್ತಿದ್ದಿತು.

ಹೀಗೆ ಸಾಲಕ್ಕೆಂದು 35,000 ಕೈಗೆ ಬಂದಿತು. ಇದನ್ನು ಎಲ್ಲ ಸಾಲಗಳಿಗೂ ಹಂಚುವುದು ಸಮದೃಷ್ಟಿಯೆಂದು ತೋರಬಹುದು; ಗಣಿತವು ಅದನ್ನು ಒಪ್ಪುವುದಿಲ್ಲ. ಉಳಿದವುಗಳಿಗೆ ಕಟ್ಟಲೇಬೇಕಾದುದನ್ನು ಕಟ್ಟಿ, ಮಿಕ್ಕುದನ್ನೆಲ್ಲ ಅತಿ ಹೆಚ್ಚಿನ ಬಡ್ಡಿಯ ಸಾಲದ ಮೇಲೆಯೇ ಸುರಿಯತಕ್ಕದ್ದು. ಕಾರ್ಡುಗಳನ್ನು ಕತ್ತರಿಸಿ ಬಿಸುಟು, 17 ತಿಂಗಳುಗಳಲ್ಲಿ ಆ ಬಾಕಿಯನ್ನು ತೀರಿಸಿದೆವು. ಅಲ್ಲಿಂದ ಬಿಡುಗಡೆಯಾದ ಹಣವು ಒಡವೆಯ ಸಾಲಕ್ಕೆ ತಿರುಗಿ, 14 ತಿಂಗಳುಗಳಲ್ಲಿ ಒಡವೆಗಳು ಮನೆಗೆ ಬಂದವು. ಆಮೇಲೆ ಬ್ಯಾಂಕಿನ ಸಾಲದ ಶೇಷವು 12 ತಿಂಗಳುಗಳಲ್ಲಿ ಮುಗಿಯಿತು.

ಉಳಿದುದು ಗೆಳೆಯರ ಕೈಗಡ. ಬಡ್ಡಿಯಿಲ್ಲದ ಸಾಲವನ್ನು ಕೊನೆಗೆ ತೀರಿಸಬೇಕೆಂಬುದು ಗಣಿತದ ಮಾತು. ಆದರೆ ಮನಸ್ಸಿಗೆ ಅದರ ಬಡ್ಡಿಯೇ ಎಲ್ಲಕ್ಕಿಂತ ಹೆಚ್ಚು. ಅವರು ಎದುರಿಗೆ ಬರುವುದನ್ನು ಕಂಡು ನಾನು ಅಡ್ಡದಾರಿ ಹಿಡಿದ ದಿನಗಳುಂಟು. ಆದುದರಿಂದ ಲೆಕ್ಕವನ್ನು ಪ್ರಾರಂಭಿಸಿದ ವಾರವೇ ಅವರ ಮನೆಗೆ ಹೋಗಿ, ಪುಸ್ತಕವನ್ನು ತೋರಿಸಿ, ಯಾವ ತಿಂಗಳಿನಿಂದ ಕೊಡುವೆನೆಂಬುದನ್ನು ಬರೆದುಕೊಟ್ಟೆನು. “ಹಣಕ್ಕಿಂತ ಹೆಚ್ಚಾಗಿ ನೀವು ಮನೆಗೆ ಬರುವುದನ್ನು ನಿಲ್ಲಿಸಿದುದೇ ನನಗೆ ನಷ್ಟವಾಗಿತ್ತು” ಎಂದರು ಅವರು. ಕೊನೆಯ 5 ತಿಂಗಳುಗಳಲ್ಲಿ ಅದೂ ತೀರಿತು. ಹದಿನೇಳು, ಹದಿನಾಲ್ಕು, ಹನ್ನೆರಡು, ಐದು: ನಾಲ್ಕು ವರ್ಷಗಳು.

ಈ ಕಥೆಯಿಂದ ಒಂದು ತಪ್ಪು ನೀತಿಯನ್ನು ತೆಗೆಯಬಾರದೆಂದು ಬೇಡುತ್ತೇನೆ. ಕತ್ತರಿಸುವುದಕ್ಕೆ ನಮ್ಮಲ್ಲಿ 14,000 ರೂಪಾಯಿ ಇದ್ದಿತು. ವರಮಾನವೆಲ್ಲವೂ ಅಕ್ಕಿ, ಬಾಡಿಗೆಗಳಲ್ಲಿಯೇ ಮುಗಿಯುವವರಿಗೆ ಮಿತವ್ಯಯವನ್ನು ಬೋಧಿಸುವುದು ಕ್ರೌರ್ಯ. ಅಂತಹವರಿಗೆ ಬೇಕಾದುದು ಶಾಸನದ ರಕ್ಷಣೆ. ದೇವರಾಜ ಅರಸು ಅವರ ಸರ್ಕಾರದ 1976ರ ಋಣ ಪರಿಹಾರ ಕಾಯಿದೆಯು ಆ ಬಗೆಯದು. ಕಿರುಸಾಲಗಳ ವಸೂಲಿಯಲ್ಲಿ ನಡೆಯುತ್ತಿದ್ದ ಬಲಾತ್ಕಾರವನ್ನು ತಡೆಯಲೆಂದು 2025ರ ಫೆಬ್ರವರಿಯಲ್ಲಿ ಹೊರಟ ಕರ್ನಾಟಕದ ಸುಗ್ರೀವಾಜ್ಞೆಯಲ್ಲಿ 10 ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಲಾಯಿತು. ವಸೂಲಿಗಾರರು ಬೆಳಿಗ್ಗೆ 8 ಗಂಟೆಗೆ ಮೊದಲು, ಸಂಜೆ 7 ಗಂಟೆಯ ಅನಂತರ ಸಾಲಗಾರನಿಗೆ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಸ್ಪಷ್ಟಪಡಿಸಿತು. ಸಾಲ ಮಾಡಿದವನು ಹಣವನ್ನು ಕೊಡಬೇಕಾದವನೇ ಹೊರತು ಮಾನವನ್ನು ಕೊಡಬೇಕಾದವನಲ್ಲ.

ಕಡೆಯ ಕಂತನ್ನು ಕೊಟ್ಟು ಬಂದ ಸಂಜೆ, ಪುಸ್ತಕವನ್ನು ಇನ್ನು ಮುಚ್ಚಿಬಿಡೋಣವೇ ಎಂದು ಕೇಳಿದೆನು. ಈಗ ಹದಿನೈದು ವರ್ಷದವಳಾದ ಮಗಳು, “ಮುಂದಿನ ತಿಂಗಳು 35,000 ಉಳಿಯುತ್ತದಲ್ಲ, ಅದನ್ನು ಎಲ್ಲಿ ಬರೆಯುವುದು?” ಎಂದಳು. ಪುಸ್ತಕವು ಇನ್ನೂ ನಡೆಯುತ್ತಿದೆ. ತಮ್ಮ ಮನೆಯಲ್ಲಿಯೂ ಅಂತಹ ಹಾಳೆಯೊಂದು ಬರೆಯದೆ ಉಳಿದಿದ್ದರೆ, ಈ ರಾತ್ರಿಯೇ ಅದನ್ನು ಬರೆಯಿರಿ. ಬರೆದು, ಮನೆಯವರ ಮುಂದೆ ಓದಿರಿ.