ರವಿವರ್ಮನ ಚಿತ್ರದೊಳಗೆ ನಿಂತವರು

ತಿರುವನಂತಪುರದ ತಂಪಾನೂರಿನಲ್ಲಿ ರೈಲಿಳಿದರೆ ಮ್ಯೂಸಿಯಂ ಆವರಣ ದೂರವಿಲ್ಲ. ಅಲ್ಲಿ ರಾಜಾ ರವಿವರ್ಮನ ಮೂಲ ಚಿತ್ರಗಳಿವೆ. ಅವನ ಲಕ್ಷ್ಮಿ, ಸರಸ್ವತಿಯರು ಅಚ್ಚಾಗಿ, ಕ್ಯಾಲೆಂಡರ್ ಏರಿ ನಮ್ಮ ದೇವರಕೋಣೆಗೂ ಬಂದರು.

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಈ ಚಿತ್ರಗಳೊಳಕ್ಕೇ ಹೊಕ್ಕವರು. ಓದಿದ್ದು ಬರೋಡದಲ್ಲಿ, ಶಿಲ್ಪಕಲೆ. ತೊಂಬತ್ತರ ದಶಕದಲ್ಲಿ ಕ್ಯಾಮೆರಾದ ಮುಂದೆ ತಾವೇ ಪಾತ್ರವಾಗಿ ನಿಂತರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ ದಕ್ಷಿಣ ಭಾರತದ ಹೆಣ್ಣುಗಳ ಚಿತ್ರಸರಣಿ ಮಾಡಿದರು. ಪರದೆ ಬರೆಸಿ, ಸೀರೆ, ಒಡವೆ, ಬೆಳಕು ಹೊಂದಿಸಿ, ರವಿವರ್ಮನ ಚಿತ್ರದ ಬೆಳದಿಂಗಳ ಹೆಣ್ಣಾದರು. ಅದೇ ಸರಣಿಯಲ್ಲಿ ಇನ್ನೊಂದು ಚಿತ್ರವಿದೆ: ಬೆನ್ನ ಹಿಂದೆ ಚೌಕಳಿ ಪರದೆ. ಬ್ರಿಟಿಷರ ಕಾಲದಲ್ಲಿ ಬುಡಕಟ್ಟಿನವರ ಮೈಯನ್ನು ಅಳೆಯಲು ಹೀಗೇ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ನನ್ನನ್ನು ಹೆಚ್ಚು ಕಾಡುವುದು ಈ ಎರಡು ಚಿತ್ರಗಳ ಜೋಡಿ. ಒಂದು ಕಡೆ ಹೆಣ್ಣನ್ನು ಪೂಜೆಗೆ ಕೂರಿಸಿದ ನೋಟ, ಇನ್ನೊಂದು ಕಡೆ ಅಳತೆಗೆ ನಿಲ್ಲಿಸಿದ ನೋಟ. ಎರಡರಲ್ಲೂ ಅವಳನ್ನು ಯಾರೂ ಕೇಳಿರಲಿಲ್ಲ. ಪುಷ್ಪಮಾಲಾ ಅವರ ಚಿತ್ರಗಳಲ್ಲಿ ಮಾತ್ರ ಭಂಗಿಯನ್ನು ಆರಿಸಿಕೊಂಡವಳು ಅವಳೇ.

ಕೇರಳಕ್ಕೆ ಹೋದಾಗ ರವಿವರ್ಮನನ್ನು ನೋಡಿ ಬನ್ನಿ. ಮರಳಿದ ಮೇಲೆ ನಮ್ಮ ಪುಷ್ಪಮಾಲಾ ಅವರ ಚಿತ್ರಗಳನ್ನೂ ಹುಡುಕಿ ನೋಡಿ.