ಸಹಿ ಹಾಕುವ ಮುಂಚೆ ಒಂದು ಮಾತು ಕೇಳಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ವಿಚಾರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ಒಡೆಯದಂತೆ ನಡೆಸಿಕೊಂಡು ಬರುವುದು ಹುಡುಗಾಟದ ಮಾತಲ್ಲ. ಅದರ ಬಗ್ಗೆ ಹಿರಿಯರು ಆಗಲೇ ಚೆನ್ನಾಗಿ ಮಾತಾಡಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಆರೋಗ್ಯ. ಆರೋಗ್ಯ ಅಂದ ಕೂಡಲೇ ಸೊಪ್ಪು ತಿನ್ನಿ, ನೀರು ಕಾಯಿಸಿ ಕುಡಿಯಿರಿ ಅಂತ ಹೇಳ್ತಾರೆ ಎಂದು ಕೆಲವರು ಎದ್ದು ಹೋಗುವ ಯೋಚನೆಯಲ್ಲಿದ್ದೀರಿ. ಅದನ್ನು ನಾವು ಹೇಳುವುದಿಲ್ಲ. ನಾವು ಹೇಳಬೇಕೆಂದಿರುವುದು ಒಂದೇ ವಿಷಯ. ಡಾಕ್ಟರ ಮುಂದೆ ಕೂತ ಕೂಡಲೇ ನಮ್ಮ ಬಾಯಿ ಯಾಕೆ ಕಟ್ಟಿಹೋಗುತ್ತದೆ?

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರು ಬಾಯಿಲ್ಲದವರೇನಲ್ಲ. ಡೈರಿಯಲ್ಲಿ ಫ್ಯಾಟು ಒಂದು ಚೂರು ಕಮ್ಮಿ ಬಂದರೆ "ಇನ್ನೊಂದ್ಸಲ ಹಾಕಿ ನೋಡಪ್ಪ" ಅಂತೀವಿ. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ತಗೊಂಡು ಹೋದರೆ ತಕ್ಕಡಿ ಮುಳ್ಳಿನ ಮೇಲಿಂದ ಕಣ್ಣು ತೆಗೆಯುವುದಿಲ್ಲ. ತೋಟದಲ್ಲಿ ಒಂದು ಮರದ ಕಾಂಡದಿಂದ ರಸ ಸೋರಿದರೆ, ಸುಳಿ ಒಣಗಿದರೆ ತಕ್ಷಣ ಕೊಡಲಿ ತರುತ್ತೇವೆಯೇ? ಪಕ್ಕದ ತೋಟದವರನ್ನು ಕೇಳುತ್ತೇವೆ, ತೋಟಗಾರಿಕೆ ಇಲಾಖೆಯವರನ್ನು ಕೇಳುತ್ತೇವೆ, ಬೇರಿಗೆ ಔಷಧಿ ಕೊಟ್ಟು ನೋಡುತ್ತೇವೆ. ಒಂದು ತೆಂಗಿನ ಮರ ಕಡಿಯಬೇಕಾದರೆ ನಾಲ್ಕು ಜನರನ್ನು ಕೇಳುವ ನಾವು, ಮನೆಯ ಹೆಣ್ಣುಮಗಳ ಹೊಟ್ಟೆ ಕುಯ್ಯುವಾಗ ಮಾತ್ರ "ಎಲ್ಲಿ ಹಾಕ್ಬೇಕು ಸ್ವಾಮಿ ಸಹಿ?" ಎಂದಷ್ಟೇ ಕೇಳುತ್ತೇವೆ.

ಹೌದು, ನಾವು ಹೇಳುತ್ತಿರುವುದು ಗರ್ಭಕೋಶದ ವಿಷಯ. ಸಭೆಯಲ್ಲಿ ಹೇಳುವ ಮಾತೇ ಇದು ಎಂದು ಹುಬ್ಬು ಏರಿಸಬೇಡಿ. ಇಲ್ಲಿ ಕುಳಿತಿರುವ ಎಷ್ಟು ಮನೆಗಳಲ್ಲಿ "ಗರ್ಭಕೋಶ ತೆಗೆಸಿದ್ದಾರೆ" ಎಂಬ ಮಾತಿದೆ ಎಂದು ನೀವೇ ಮನಸ್ಸಿನಲ್ಲಿ ಎಣಿಸಿ ನೋಡಿ.

ನಮ್ಮ ರಾಜ್ಯದಲ್ಲೇ ಏನಾಯಿತು ಅಂತ ಹೇಳುತ್ತೇವೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು ಹೊಟ್ಟೆನೋವು, ಸೊಂಟನೋವು, ಬಿಳಿ ಸೆರಗು ಎಂದು ಆಸ್ಪತ್ರೆಗೆ ಹೋದರು. ಸ್ಕ್ಯಾನಿಂಗ್ ಮಾಡಿ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ ಎಂದು ಹೆದರಿಸಿ ಗರ್ಭಕೋಶ ತೆಗೆದರು ಎಂಬ ದೂರು 2015ರಲ್ಲಿ ದೊಡ್ಡದಾಗಿ ಹೊರಗೆ ಬಂತು. ಅವರಲ್ಲಿ ಬಹಳ ಜನಕ್ಕೆ ನಲವತ್ತು ವರ್ಷ ಕೂಡ ಆಗಿರಲಿಲ್ಲ. ಸರ್ಕಾರ ತನಿಖೆ ಮಾಡಿಸಿತು. 2017ರಲ್ಲಿ ಆ ಹೆಂಗಸರೇ ಕಲಬುರಗಿಯ ಬೀದಿಗೆ ಬಂದು ನ್ಯಾಯ ಕೇಳಿದರು. ಅದು ದೂರದ ಊರು ಅನ್ನಬೇಡಿ. ನಮ್ಮ ತಿಪಟೂರಿನಲ್ಲಿ ರೈಲು ಹತ್ತಿ ಅರಸೀಕೆರೆ, ಕಡೂರು ದಾಟಿದರೆ ಬೀರೂರು. ಅಲ್ಲಿಂದಲೂ ಅದಕ್ಕೆ ಕೆಲವು ವರ್ಷ ಮುಂಚೆ ಇಂಥದೇ ದೂರು ಬಂದಿತ್ತು.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಆ ಹೆಂಗಸರನ್ನು ಯಾರೂ ಕೈಕಾಲು ಕಟ್ಟಿ ಕರೆದೊಯ್ಯಲಿಲ್ಲ. ಭಯ ಕರೆದೊಯ್ದಿತು. ಕ್ಯಾನ್ಸರ್ ಎಂಬ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕು, ನಮ್ಮ ಬುದ್ಧಿ ಕೆಲಸ ಮಾಡುವುದಿಲ್ಲ. ಸಾಲ ಮಾಡುತ್ತೇವೆ, ಓಲೆ ಅಡ ಇಡುತ್ತೇವೆ, ಅಟ್ಟದ ಮೇಲಿನ ಕಾಯಿ ಪೂರಾ ಒಣಗುವ ಮುಂಚೆಯೇ ಬಂದ ಬೆಲೆಗೆ ಕೊಡುತ್ತೇವೆ.

ಹಾಗಾದರೆ ತಿಳಿದುಕೊಳ್ಳಬೇಕಾದ್ದು ಏನು? ಬಿಳಿ ಸೆರಗು ಬಹಳ ಸಲ ಸೋಂಕಿನಿಂದ ಬರುತ್ತದೆ, ಮಾತ್ರೆಯಲ್ಲಿ ವಾಸಿಯಾಗುತ್ತದೆ. ಹೆಚ್ಚು ಮುಟ್ಟು ಹೋಗುವುದಕ್ಕೂ ಮೊದಲು ಔಷಧಿಗಳಿವೆ. ಗರ್ಭಕೋಶದಲ್ಲಿ ಗೆಡ್ಡೆ ಇದೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಎಷ್ಟೋ ಗೆಡ್ಡೆಗಳು ತೊಂದರೆ ಕೊಡದೆ ಇದ್ದು, ಮುಟ್ಟು ನಿಂತ ಮೇಲೆ ತಾವೇ ಕುಗ್ಗುತ್ತವೆ. ಕ್ಯಾನ್ಸರ್ ಇದೆ ಎಂದು ಗಟ್ಟಿಯಾಗಿ ಹೇಳಬೇಕಾದರೆ ಅನುಮಾನ ಇರುವ ಜಾಗದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಬರೀ ಸ್ಕ್ಯಾನಿಂಗ್ ಚೀಟಿ ನೋಡಿ ತೀರ್ಮಾನ ಮಾಡಲು ಬರುವುದಿಲ್ಲ. ಇನ್ನು "ಮಕ್ಕಳಾದ ಮೇಲೆ ಆ ಚೀಲ ಯಾಕೆ?" ಅನ್ನುವ ಅತ್ತೆಯರಿಗೂ ಒಂದು ಮಾತು. ಗರ್ಭಕೋಶದ ಜೊತೆಗೆ ಅಂಡಕೋಶವನ್ನೂ ಚಿಕ್ಕ ವಯಸ್ಸಿನಲ್ಲೇ ತೆಗೆದರೆ ಮೈ ಬಿಸಿಯೇರುವುದು, ಬೆವರುವುದು ಶುರುವಾಗುತ್ತದೆ, ಮೂಳೆ ಸವೆಯುತ್ತದೆ, ಹೃದಯದ ತೊಂದರೆಯ ಸಂಭವವೂ ಜಾಸ್ತಿಯಾಗುತ್ತದೆ.

ಹಾಗೆಂದು ಗರ್ಭಕೋಶ ತೆಗೆಯಲೇಬೇಕಾದ ಕಾಯಿಲೆಗಳು ಇಲ್ಲವೆಂದಲ್ಲ. ಕ್ಯಾನ್ಸರ್ ಖಚಿತವಾದರೆ, ಔಷಧಿಗೆ ನಿಲ್ಲದೆ ರಕ್ತ ಹೋಗಿ ಹೋಗಿ ಮನುಷ್ಯಳೇ ಬೆಳ್ಳಗಾಗಿದ್ದರೆ, ಆಪರೇಷನ್ ಜೀವ ಉಳಿಸುತ್ತದೆ. ಅದನ್ನು ಬೇಡ ಅನ್ನುವುದೂ ತಪ್ಪೇ. ಬೇಕೋ ಬೇಡವೋ ಎಂದು ತಿಳಿಯುವ ದಾರಿ ಒಂದೇ, ಕೇಳುವುದು.

ಕೆಲವು ವರ್ಷಗಳ ಕೆಳಗೆ ನಮ್ಮ ಹೋಬಳಿಯ ಒಬ್ಬ ಹೆಣ್ಣುಮಗಳಿಗೆ, ಇನ್ನೂ ಮೂವತ್ತೈದು ತುಂಬದವರಿಗೆ, ಹೀಗೇ ಆಯಿತು. ಸೊಂಟನೋವು, ಬಿಳಿ ಸೆರಗು. ಒಂದು ಆಸ್ಪತ್ರೆಯಲ್ಲಿ "ಗರ್ಭಕೋಶ ಊದಿದೆ, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ" ಅಂದರು. ಗಂಡ ಹಣ ಹೊಂದಿಸಲು ಕೊಬ್ಬರಿ ವ್ಯಾಪಾರಿ ಹತ್ತಿರ ಹೊರಟಿದ್ದ. ಆಕೆ ಅತ್ತೆಗೆ ಹೇಳಿದ್ದು ಇಷ್ಟು: "ಮೂರು ವರ್ಷದಿಂದ ಇರೋ ನೋವು ಕಣತ್ತೆ, ನಾಳೆ ಬೆಳಿಗ್ಗೇನೇ ಯಾಕೆ ಕುಯ್ಬೇಕು? ಯಾಕೋ ನನ್ ಮನ್ಸು ಒಪ್ತಿಲ್ಲ. ಇನ್ನೊಬ್ರನ್ನ ಕೇಳಾನ." ಸರ್ಕಾರಿ ಆಸ್ಪತ್ರೆಗೆ ಹೊರಟಾಗ ಜೊತೆಗೆ ಹೋದವರಲ್ಲಿ ನಾವೂ ಇದ್ದೆವು. ಅಲ್ಲಿಯ ಡಾಕ್ಟರಮ್ಮ ಒಳಗೆ ಪರೀಕ್ಷೆ ಮಾಡಿದರು, ಗರ್ಭಕೋಶದ ಬಾಯಿಯಿಂದ ಮಾದರಿ ತೆಗೆದು ಕಳಿಸಿದರು, ಗಂಡ ಹೆಂಡತಿ ಇಬ್ಬರಿಗೂ ಸೋಂಕಿಗೆ ಮಾತ್ರೆ ಕೊಟ್ಟರು, ರಕ್ತ ಕಮ್ಮಿ ಇದೆ ಎಂದು ಕಬ್ಬಿಣಾಂಶದ ಮಾತ್ರೆ ಬರೆದರು. ಮಾದರಿಯಲ್ಲಿ ಏನೂ ದೋಷ ಬರಲಿಲ್ಲ. ಸೆರಗು ನಿಂತಿತು. ಸೊಂಟನೋವು ಪೂರಾ ಹೋಗಲಿಲ್ಲ, ಹುಲ್ಲಿನ ಹೊರೆ ಹೊರುವವರಿಗೆ ಅದು ಹೋಗುವುದೂ ಕಷ್ಟ. ಆದರೆ ಗರ್ಭಕೋಶ ಉಳಿಯಿತು, ಅಟ್ಟದ ಕಾಯಿಯೂ ಉಳಿಯಿತು.

"ಮನ್ಸು ಒಪ್ತಿಲ್ಲ" ಎಂಬ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಹೆಂಗಸರು ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಇನ್ನೂ ನೀರಿದೆಯೋ, ಕೊಬ್ಬರಿ ಬಿಟ್ಟುಕೊಂಡಿದೆಯೋ ಹೇಳುತ್ತಾರೆ. ಮುಚ್ಚಿದ ಕಾಯಿಯ ಒಳಗನ್ನು ಬಲ್ಲವರಿಗೆ ತಮ್ಮ ಮೈಯ ಒಳಗು ಒಂದಿಷ್ಟೂ ಗೊತ್ತಾಗುವುದಿಲ್ಲವೇ? ಮನಸ್ಸಿಗೆ ಅನ್ನಿಸಿದ್ದೇ ಕೊನೆಯ ತೀರ್ಪಲ್ಲ, ನಿಜ. ಕಾಯಿ ಅಲ್ಲಾಡಿಸಿದ ಮೇಲೂ ಒಡೆದೇ ನೋಡಬೇಕು. ಆದರೆ ಇನ್ನೊಂದು ಸಲ ಪರೀಕ್ಷೆ ಮಾಡಿಸಲು ಆ ಅನಿಸಿಕೆ ಸಾಕಾದ ಕಾರಣ.

ಈ ಮಾತು ಇನ್ನೊಂದು ಕಡೆಗೂ ಸಲ್ಲುತ್ತದೆ. ಕೆಲವು ಸಲ "ಏನೂ ಇಲ್ಲ ಹೋಗಮ್ಮ, ವಯಸ್ಸಾಯ್ತಲ್ಲ" ಎಂದು ಕಳಿಸುತ್ತಾರೆ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ ಅದು ವಯಸ್ಸಿನ ವಿಷಯ ಅಲ್ಲ, ಪರೀಕ್ಷೆ ಆಗಲೇಬೇಕು. ಎದೆ ಬಿಗಿತ, ಬೆವರು, ದವಡೆಗೆ ತೋಳಿಗೆ ಹರಿಯುವ ನೋವನ್ನು ಗ್ಯಾಸು ಅಂದರೆ, "ಒಂದು ಇಸಿಜಿ ಮಾಡಿ ನೋಡಿ ಸಾರ್" ಅಂತ ಬಾಯಿಬಿಟ್ಟು ಕೇಳಿ. ನಾಚಿಕೆಯಿಂದ ಅರ್ಧ ಹೇಳಿ ಅರ್ಧ ನುಂಗಿದರೆ ಡಾಕ್ಟರಾದರೂ ಏನು ಮಾಡಿಯಾರು?

ಈಗ ಕಾನೂನಿನ ಮಾತು. ದೆಹಲಿಯಲ್ಲಿ ಸಮೀರಾ ಕೊಹ್ಲಿ ಎಂಬ ಮಹಿಳೆ 1995ರಲ್ಲಿ ಬರೀ ಪರೀಕ್ಷೆಗೆಂದು ಒಪ್ಪಿ ಆಸ್ಪತ್ರೆ ಸೇರಿದರು. ಅವರು ಅರಿವಳಿಕೆಯಲ್ಲಿ ಇದ್ದಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಕೋಶ ತೆಗೆದುಬಿಟ್ಟರು. ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ವಯಸ್ಸಿಗೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಪರವಾಗಿ ಬೇರೆಯವರು ಒಪ್ಪಿಗೆ ಕೊಡಲು ಬರುವುದಿಲ್ಲ, ಪ್ರಾಣಾಪಾಯದ ತುರ್ತು ಇದ್ದರೆ ಮಾತು ಬೇರೆ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಒಪ್ಪಿಗೆಯಲ್ಲ. ತಿಳಿಯುವ ಹಾಗೆ ವಿವರಿಸಿ ಪಡೆದದ್ದೇ ಒಪ್ಪಿಗೆ. ಇದನ್ನು ಗಂಡಸರು ಗಮನವಿಟ್ಟು ಕೇಳಬೇಕು. ಹೆಂಡತಿಗೆ ಜ್ಞಾನವಿರುವಾಗ ನಿಮ್ಮ ಸಹಿಗಿಂತ ಆಕೆಯ ಸಹಿಗೆ, ಹೆಬ್ಬೆಟ್ಟಿಗೆ ಬೆಲೆ. ಮತ್ತೆ 2023ರ ಏಪ್ರಿಲ್‌ನಲ್ಲಿ ಅದೇ ಕೋರ್ಟು, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು.

ಹಾಗಾದರೆ ಡಾಕ್ಟರ ಮುಂದೆ ಏನು ಕೇಳಬೇಕು? ಐದೇ ಮಾತು, ಬೆರಳು ಮಡಿಸಿ ನೆನಪಿಟ್ಟುಕೊಳ್ಳಿ. ನನಗೆ ಏನಾಗಿದೆ, ಯಾವ ಪರೀಕ್ಷೆಯಿಂದ ಗೊತ್ತಾಯಿತು? ಆಪರೇಷನ್ ಬಿಟ್ಟು ಬೇರೆ ದಾರಿ ಇದೆಯೇ? ಈಗಲೇ ಆಗಬೇಕೇ, ಒಂದು ತಿಂಗಳು ಕಾದರೆ ಏನಾಗುತ್ತದೆ? ಏನೇನು ತೆಗೆಯುತ್ತೀರಿ, ಆಮೇಲೆ ಮೈಗೆ ಏನಾಗುತ್ತದೆ? ಒಟ್ಟು ಖರ್ಚೆಷ್ಟು? ಇಷ್ಟನ್ನು ಕೈ ಮುಗಿದೇ ಕೇಳಿ, ಜಗಳ ಬೇಡ. "ಸ್ವಾಮಿ, ನಮಗೆ ತಿಳಿಯೋ ಹಂಗೆ ಬಿಡಿಸಿ ಹೇಳಿ" ಅಂದರೆ ಒಳ್ಳೆಯ ಡಾಕ್ಟರಿಗೆ ಸಂತೋಷವೇ ಆಗುತ್ತದೆ. ಹೊರಗೆ ಸಾಲುಗಟ್ಟಿ ನಿಂತ ರೋಗಿಗಳ ನಡುವೆ ಅವರಿಗೂ ಆತುರವಿರುತ್ತದೆ, ಅದಕ್ಕೇ ಮಾತನ್ನು ಮೊದಲೇ ಯೋಚಿಸಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕೇಳಿದ್ದಕ್ಕೆ ಸಿಟ್ಟು ಮಾಡಿ "ಡಾಕ್ಟರು ನೀನೋ ನಾನೋ?" ಅಂದರೆ, ನಮಸ್ಕಾರ ಹೇಳಿ ಎದ್ದು ಬನ್ನಿ.

ಇನ್ನೊಬ್ಬರ ಅಭಿಪ್ರಾಯಕ್ಕೆ ದೂರ ಅಲೆಯಬೇಕಿಲ್ಲ. ತುಮಕೂರಿನ ಜಿಲ್ಲಾ ಆಸ್ಪತ್ರೆ ಇದೆ, ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಕ್ಯಾನ್ಸರ್ ಎಂಬ ಅನುಮಾನವಿದ್ದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಇದೆ. ಹೋಗುವಾಗ ಹಳೆಯ ಚೀಟಿ, ಸ್ಕ್ಯಾನಿಂಗ್ ಎಲ್ಲ ಒಂದೇ ಚೀಲದಲ್ಲಿರಲಿ. ದಾಖಲೆ ಕೇಳಿದ 72 ಗಂಟೆಯೊಳಗೆ ಆಸ್ಪತ್ರೆಯವರು ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳುತ್ತದೆ. ಆದರೆ ಒಂದು ಎಚ್ಚರಿಕೆ. ರಕ್ತ ಧಾರಾಕಾರ ಹೋಗುತ್ತಿದ್ದರೆ, ಹೆರಿಗೆ ಕಷ್ಟವಾದರೆ, ಹಾವು ಕಚ್ಚಿದರೆ, ಎದೆನೋವು ಬಂದರೆ ಎರಡನೆಯ ಅಭಿಪ್ರಾಯ ಎಂದು ಊರೂರು ತಿರುಗಬೇಡಿ. ಆಗ 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆ ಸೇರಿ.

ಅನ್ಯಾಯವಾದರೆ ದಾರಿಯಿದೆ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ನಮ್ಮ ರಾಜ್ಯದ ಕಾನೂನಿನಲ್ಲೇ ಇದೆ.

ಕೊನೆಗೆ ಸಹಕಾರ ಸಂಘದ ಮಾತು. 2003ರಲ್ಲಿ ಯಶಸ್ವಿನಿ ಯೋಜನೆ ಶುರುವಾದಾಗ ಸಹಕಾರಿ ಸದಸ್ಯರು ತಿಂಗಳಿಗೆ ಐದೇ ರೂಪಾಯಿ ಹಾಕಿ ಆಪರೇಷನ್ನಿನ ಖರ್ಚಿಗೆ ದಾರಿ ಮಾಡಿಕೊಂಡರು. 2018ರಲ್ಲಿ ಅದು ಬೇರೆ ಯೋಜನೆಯಲ್ಲಿ ಸೇರಿಹೋಯಿತು, 2022ರ ಕೊನೆಯಲ್ಲಿ ಮತ್ತೆ ಬಂತು. ಒಬ್ಬರ ಕೈಲಾಗದ್ದನ್ನು ಹತ್ತು ಜನ ಸೇರಿ ಮಾಡುವುದೇ ಸಹಕಾರ. ಆದರೆ ಕಾರ್ಡಿದೆ, ಬಿಟ್ಟಿ ಆಗುತ್ತೆ ಎಂದು ಬೇಡದ ಆಪರೇಷನ್ ಮಾಡಿಸಿಕೊಳ್ಳಬೇಡಿ. ದುಡ್ಡು ಯಾರದಾದರೂ ಮೈ ನಮ್ಮದೇ.

ಹಣಕ್ಕೆ ಜೊತೆಯಾದ ಸಂಘ ಮಾತಿಗೂ ಜೊತೆಯಾಗಲಿ ಎಂಬುದು ನಮ್ಮ ಸಲಹೆ. ಓದು ಬಲ್ಲ, ಧೈರ್ಯವಿರುವ ಇಬ್ಬರು ಮೂವರು ಹೆಂಗಸರನ್ನು ಸಂಘದ ಕಡೆಯಿಂದ ಗೊತ್ತು ಮಾಡಿ. ಆಪರೇಷನ್ ಎಂದು ಹೇಳಿಸಿಕೊಂಡು ಬಂದ ಸದಸ್ಯರ ಜೊತೆ ಅವರಲ್ಲಿ ಒಬ್ಬರು ಆಸ್ಪತ್ರೆಗೆ ಹೋಗಲಿ. ಹೆದರಿದವರ ಪಕ್ಕದಲ್ಲಿ ಹೆದರದವರು ಒಬ್ಬರಿದ್ದರೆ ಬಾಯಿ ತಾನಾಗಿ ಬರುತ್ತದೆ. ಬೆಳ್ಳಿಹಬ್ಬಕ್ಕೆ ಕಟ್ಟಡಕ್ಕೆ ಸುಣ್ಣ ಬಣ್ಣ ಆಗಿದೆ, ಸಂತೋಷ. ಈ ಕೆಲಸಕ್ಕೆ ಸುಣ್ಣದಷ್ಟೂ ಖರ್ಚಿಲ್ಲ. ಆಡಳಿತ ಮಂಡಳಿ ಮುಂದಿನ ಸಭೆಯಲ್ಲೇ ಇದನ್ನು ತೀರ್ಮಾನ ಮಾಡಬೇಕೆಂದು ಕೇಳಿಕೊಳ್ಳುತ್ತೇವೆ.